ಮೊದಲ ಪಂಕ್ತಿಯಲ್ಲೊಂದು ಎಲೆ

"ಅಲ್ಲಾರೀ, ಬೆಂಗಳೂರಲ್ಲಿ ಅಷ್ಟು ದೊಡ್ಡ ಟೆನಿಸ್ ಪಂದ್ಯ ಮಾಡ್ತಾರೆ, ದುಡ್ಡು ನೀರಿನ ಹಾಗೆ ಸುರೀತಾರೆ. ಅದರಿಂದ ನಮ್ಮೂರ ಹುಡುಗೀರಿಗೆ ಏನ್ ಬಂತು ಹೇಳಿ?"

ಪಕ್ಕದ ಮನೆಯಾಕೆ ಹೀಗೆ ಕೇಳಿದಾಗ ನಾನು ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಕಲ್ಲು ಆರಿಸುತ್ತಿದ್ದೆ. ಕೂಡಲೇ ಉತ್ತರ ಹೊಳೆಯಲಿಲ್ಲ. ಆಕೆಯ ಮಗಳು ಎಂಟನೇ ಕ್ಲಾಸು. ನಮ್ಮೆರಡು ಮನೆಗಳ ನಡುವಿನ ಕಾಂಪೌಂಡ್ ಗೋಡೆಗೆ ಚೆಂಡು ಹೊಡೆದೂ ಹೊಡೆದೂ ಸುಣ್ಣವನ್ನೆಲ್ಲ ಉದುರಿಸಿಬಿಟ್ಟಿದ್ದಾಳೆ. ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗೋಣವೆಂದರೆ 'ಟಪ್... ಟಪ್...' ಅಂತ ಅದೇ ಸದ್ದು. ಮೊದಮೊದಲು ಬೈದದ್ದೂ ಉಂಟು. ಈಗ ಸದ್ದು ಕೇಳದಿದ್ದರೇ 'ಯಾಕೆ, ಮಗುವಿಗೆ ಜ್ವರವೇ?' ಅಂತ ಇಣುಕಿ ನೋಡುತ್ತೇನೆ.

ಆ ತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ. ರಾಕೆಟ್ಟಿಗೆ ದುಡ್ಡು, ತಂತಿ ಹರಿದರೆ ದುಡ್ಡು, ಬೂಟು ಮೂರು ತಿಂಗಳಿಗೇ ಬಾಯಿಬಿಡುತ್ತದೆ. ಇದರ ಮೇಲೆ ನೆಂಟರ ಮಾತು ಬೇರೆ: 'ಬಿಸಿಲಲ್ಲಿ ಕುಣಿದು ಕಪ್ಪಗಾದರೆ ನಾಳೆ ಯಾರು ಮಾಡಿಕೊಳ್ತಾರೆ?' ಗೆಳತಿಯರೇ, ಈ ಮಾತು ಸಾನಿಯಾ ಮಿರ್ಜಾಳನ್ನೂ ಬಿಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ತಾನೂ ಇದನ್ನೇ ಕೇಳಿಸಿಕೊಂಡು ಬೆಳೆದೆ ಅಂತ ಆಕೆಯೇ ಹೇಳಿಕೊಂಡಿದ್ದಾಳೆ. (ಏಕವಚನ ಬಳಸಿದ್ದಕ್ಕೆ ಕ್ಷಮೆಯಿರಲಿ. ನಮ್ಮ ಮನೆಯಲ್ಲಿ ಆಕೆ ಯಾವತ್ತೂ 'ಸಾನಿಯಾ ಬಂದಳು, ಸಾನಿಯಾ ಗೆದ್ದಳು' ಅಂತಲೇ.)

ನಾನು ಹೈಸ್ಕೂಲು ಮುಗಿಸಿದವಳು, ರಾಕೆಟ್ಟು ಹಿಡಿದವಳಲ್ಲ. ಟೀವಿ, ಪತ್ರಿಕೆ ನೋಡಿ ತಿಳಿದದ್ದಷ್ಟೇ. ಆದರೆ ಪಕ್ಕದ ಮನೆಯಾಕೆಯ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಯೋಚಿಸುತ್ತಾ ಹೋದಂತೆ ಆ ಪ್ರಶ್ನೆಗೆ 'ಬಹಳ ಬಂತು' ಅಂತಲೂ ಹೇಳಬಹುದು, 'ಬಂದದ್ದನ್ನು ನಾವೇ ಕಳಕೊಂಡೆವು' ಅಂತಲೂ ಹೇಳಬಹುದು ಅನ್ನಿಸಿತು.

ಟೆನಿಸ್ಸಿನಲ್ಲಿ ಒಂದು ವಿಚಿತ್ರವಿದೆ. ದೊಡ್ಡ ಪಂದ್ಯಾವಳಿಗೆ ಸೇರಬೇಕಾದರೆ ರ‍್ಯಾಂಕಿಂಗ್ ಬೇಕು. ರ‍್ಯಾಂಕಿಂಗ್ ಬರಬೇಕಾದರೆ ಪಂದ್ಯಗಳಲ್ಲಿ ಗೆದ್ದು ಪಾಯಿಂಟು ಕೂಡಿಸಬೇಕು. ಮದುವೆಯಾಗದ ಹೊರತು ಹುಚ್ಚು ಬಿಡೋಲ್ಲ, ಹುಚ್ಚು ಬಿಡದ ಹೊರತು ಮದುವೆಯಾಗೋಲ್ಲ ಅಂದ ಹಾಗಾಯಿತು! ಈ ಗಂಟು ಬಿಚ್ಚಲಿಕ್ಕೆ ಇರುವ ಉಪಾಯಗಳಲ್ಲೊಂದು ವೈಲ್ಡ್ ಕಾರ್ಡ್. ಮದುವೆಮನೆಯ ಮೊದಲ ಪಂಕ್ತಿ ನೆನಪಿಸಿಕೊಳ್ಳಿ. ಬೀಗರು, ಊರ ಹಿರಿಯರು ಅಂತ ಎಲೆಗಳು ಮೊದಲೇ ಗೊತ್ತಾಗಿಹೋಗಿರುತ್ತವೆ. ಆದರೂ ಮನೆಯ ಯಜಮಾನನಿಗೆ ತನ್ನ ಕಡೆಯ ಇಬ್ಬರನ್ನೋ ಮೂವರನ್ನೋ ಆ ಸಾಲಿನಲ್ಲಿ ಕೂರಿಸುವ ಹಕ್ಕುಂಟು. ಪಂದ್ಯ ನಡೆಸುವವರಿಗೂ ಹಾಗೇ. ಕೆಲವು ಸ್ಥಾನಗಳನ್ನು ತಮಗೆ ಬೇಕಾದವರಿಗೆ ಕೊಡಬಹುದು. ಪಂದ್ಯ ನಮ್ಮ ದೇಶದಲ್ಲಿ ನಡೆದರೆ ಆ ಎಲೆ ಸಾಮಾನ್ಯವಾಗಿ ನಮ್ಮ ಮಕ್ಕಳಿಗೆ ಬೀಳುತ್ತದೆ. ಬೇರೆಯವರ ಮನೆ ಮದುವೆಯಲ್ಲಿ ನಮ್ಮನ್ನು ಯಾರು ಕರೆದು ಕೂರಿಸುತ್ತಾರೆ, ನೀವೇ ಹೇಳಿ.

ಕೊಯಮತ್ತೂರಿನ ನಿರುಪಮಾ ವೈದ್ಯನಾಥನ್ 1998ರಲ್ಲಿ ಆಸ್ಟ್ರೇಲಿಯನ್ ಓಪನ್‌ನಲ್ಲಿ ಮೊದಲ ಸುತ್ತು ಗೆದ್ದಾಗ ಆಕೆಗೆ ಇಂಥ ಮನೆಪಂದ್ಯದ ಆಸರೆ ಇರಲಿಲ್ಲ. ಪರದೇಶ ಸುತ್ತಿ ಸುತ್ತಿ ಅಲ್ಲಿಗೆ ಮುಟ್ಟಿದವರು. ಸಾನಿಯಾಳ ಕಾಲಕ್ಕೆ ಪಂದ್ಯ ಮನೆಬಾಗಿಲಿಗೇ ಬಂತು. 2003ರಲ್ಲಿ ಹೈದರಾಬಾದಿನಲ್ಲಿ ಹೆಂಗಸರ ಅಂತರರಾಷ್ಟ್ರೀಯ ಪಂದ್ಯಾವಳಿ ಶುರುವಾಯಿತು. ಆಂಧ್ರದ ಪ್ರವಾಸೋದ್ಯಮದವರ ಹೆಸರಿನಲ್ಲೇ ನಡೆಯುತ್ತಿತ್ತು. ಹದಿನಾರು ವರ್ಷದ ಊರ ಹುಡುಗಿಗೆ ವೈಲ್ಡ್ ಕಾರ್ಡ್ ಕೊಟ್ಟರು. ಏನಾಯಿತು? ಮೊದಲ ಸುತ್ತಿನಲ್ಲೇ ಸೋತಳು.

2004ರಲ್ಲಿ ಮತ್ತೆ ಕೊಟ್ಟರು. ಮತ್ತೆ ಮೊದಲ ಸುತ್ತಿನಲ್ಲೇ ಸೋತಳು! ಸೋಲಿಸಿದಾಕೆ ಆಸ್ಟ್ರೇಲಿಯಾದ ನಿಕೋಲ್ ಪ್ರ್ಯಾಟ್, ಆ ಸಲ ಪ್ರಶಸ್ತಿಯನ್ನೂ ಗೆದ್ದವಳು. ಆದರೆ ಅದೇ ವಾರ ಲೀಜಲ್ ಹ್ಯೂಬರ್ ಜೊತೆ ಸೇರಿ ಸಾನಿಯಾ ಡಬಲ್ಸ್ ಗೆದ್ದುಬಿಟ್ಟಳು.

2005ರ ಫೆಬ್ರವರಿ 12, ಶನಿವಾರ, ಸಿಂಗಲ್ಸ್ ಫೈನಲ್. ಎದುರಿಗೆ ಯುಕ್ರೇನಿನ ಅಲ್ಯೋನಾ ಬೊಂಡರೆಂಕೊ. ಆಗ ನಾನು ಹೊಸ ಸೊಸೆ. ನಮ್ಮತ್ತೆಗೆ ಶನಿವಾರ ಒಪ್ಪತ್ತು. ಟೀವಿ ಮುಂದೆ ಕೂತ ನಮ್ಮವರು "ಅಮ್ಮಾ, ನಮ್ಮ ಹುಡುಗಿ ಕೋರ್ಟಿಗಿಳಿದಳು" ಅಂದರೆ ಅತ್ತೆ ಗಾಬರಿಯಿಂದ "ಯಾಕೋ, ಏನು ವ್ಯಾಜ್ಯ?" ಅಂದಿದ್ದರು. ಆಮೇಲೆ ಅವರೂ ಕೂತರು. 6-4, 5-7, 6-3. ಎರಡನೇ ಸೆಟ್ಟು ಕೈತಪ್ಪಿದಾಗ ಅತ್ತೆ ಜಪದ ಸರ ತಂದುಕೊಂಡರು, ನನಗೆ ಚೆನ್ನಾಗಿ ನೆನಪಿದೆ. ಕೊನೆಗೆ ಗೆದ್ದಾಗ "ಅವರಮ್ಮನ ಹೊಟ್ಟೆ ತಣ್ಣಗಿರಲಿ" ಅಂದರು. ಮಹಿಳೆಯರ ಈ ಮಟ್ಟದ ಪಂದ್ಯಾವಳಿಯಲ್ಲಿ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯಳು ಆಕೆ. ವಯಸ್ಸು ಹದಿನೆಂಟು.

ಇಲ್ಲೊಂದು ಕ್ಷಣ ನಿಲ್ಲಿ. 2003ರಲ್ಲಿ ಸೋತ ಹುಡುಗಿಗೆ 2004ರಲ್ಲಿ ಪಂದ್ಯವೇ ಇಲ್ಲದೆ ಹೋಗಿದ್ದರೆ? ಎರಡು ಸಲ ಸೋತ ಮೇಲೆ 2005ರಲ್ಲಿ 'ಈ ವರ್ಷ ಪ್ರಾಯೋಜಕರು ಸಿಗಲಿಲ್ಲ' ಅಂತ ಕೈಬಿಟ್ಟಿದ್ದರೆ? ದೋಸೆಯ ಮೊದಲನೆಯದು ಕಾವಲಿಗೇ ಅಂಟುತ್ತದೆ, ಎರಡನೆಯದು ಹರಿಯುತ್ತದೆ. ಹಾಗಂತ ಹಿಟ್ಟು ಚೆಲ್ಲಿದವರುಂಟೇ? ಒಂದು ಸಲ ನಡೆಸಿ ಫೋಟೋ ಹಿಡಿಸಿಕೊಂಡು ಮರೆತರೆ ಅಂಥ ಪಂದ್ಯದಿಂದ ನಮ್ಮ ಹುಡುಗಿಯರಿಗೆ ಹೆಚ್ಚೇನೂ ದಕ್ಕುವುದಿಲ್ಲ. ವರ್ಷ ವರ್ಷ ಅದೇ ಜಾಗದಲ್ಲಿ ನಡೆದರೆ ಸೋತವಳು ಮುಂದಿನ ವರ್ಷಕ್ಕೆ ಲೆಕ್ಕ ಹಾಕಿಕೊಂಡು ಅಭ್ಯಾಸ ಮಾಡುತ್ತಾಳೆ.

ಮುಂದಿನದು ನಿಮಗೆಲ್ಲ ಗೊತ್ತೇ ಇದೆ. ಅದೇ 2005ರಲ್ಲಿ ಅಮೆರಿಕದ ಓಪನ್‌ನಲ್ಲಿ ನಾಲ್ಕನೇ ಸುತ್ತು. 2007ರಲ್ಲಿ ಜಗತ್ತಿನಲ್ಲಿ 27ನೇ ಸ್ಥಾನ. ಆಮೇಲೆ ಡಬಲ್ಸ್‌ನಲ್ಲಿ ಮೂರು, ಮಿಶ್ರ ಡಬಲ್ಸ್‌ನಲ್ಲಿ ಮೂರು, ಒಟ್ಟು ಆರು ಗ್ರ್ಯಾಂಡ್ ಸ್ಲ್ಯಾಮ್. 2015ರಲ್ಲಿ ಡಬಲ್ಸ್‌ನಲ್ಲಿ ಜಗತ್ತಿಗೇ ಮೊದಲನೆಯವಳು. 2023ರಲ್ಲಿ ಆಟ ನಿಲ್ಲಿಸಿದಾಗ ಬೀಳ್ಕೊಡುಗೆಯ ಪಂದ್ಯ ಆಡಿದ್ದೂ ಹೈದರಾಬಾದಿನಲ್ಲೇ. ಇವತ್ತು ಭಾರತದ ತಂಡದಲ್ಲಿ ಆಡುತ್ತಿರುವ ಸಹಜಾ ಯಮಲಪಲ್ಲಿ, ಶ್ರೀವಲ್ಲಿ ರಶ್ಮಿಕಾ ಭಾಮಿಡಿಪಾಟಿ ಇಬ್ಬರೂ ಹೈದರಾಬಾದಿನವರೇ. 2005ರಲ್ಲಿ ಇನ್ನೂ ಪುಟ್ಟ ಮಕ್ಕಳು. ಒಂದೇ ಊರಿನಿಂದ ಹೀಗೆ ಒಬ್ಬರ ಹಿಂದೆ ಒಬ್ಬರು ಬರುವುದು ಕಾಕತಾಳೀಯ ಅಂತ ನನಗಂತೂ ಅನ್ನಿಸುವುದಿಲ್ಲ. ಅಂಗಳ ಇತ್ತು, ಕಲಿಸುವವರು ಬಂದರು, ಮಗಳನ್ನು ಕಳಿಸುವ ಧೈರ್ಯ ತಾಯಂದಿರಿಗೂ ಬಂತು.

ಈಗ ನಾವು ಕಳಕೊಂಡದ್ದನ್ನು ಹೇಳಬೇಕು.

2006ರಿಂದ ಹೆಂಗಸರ ದೊಡ್ಡ ಪಂದ್ಯ ನಮ್ಮ ಬೆಂಗಳೂರಿಗೇ ಬಂತು. 2008ರಲ್ಲಿ ಕಬ್ಬನ್ ಪಾರ್ಕಿನ ಅಂಗಳದಲ್ಲಿ ವೀನಸ್ ಮತ್ತು ಸೆರೆನಾ ಅಕ್ಕತಂಗಿಯರು ಸೆಮಿಫೈನಲ್‌ನಲ್ಲಿ ಎದುರುಬದುರಾದರು. ತಂಗಿ ಗೆದ್ದಳು, ಫೈನಲ್ಲೂ ಗೆದ್ದಳು. ಅಂಥ ಆಟ ನಮ್ಮ ಹೈಕೋರ್ಟಿನ ಬೆನ್ನಿಗೇ ನಡೆಯಿತು ಅಂದರೆ ಇಂದಿಗೂ ನಂಬುವುದು ಕಷ್ಟ. ಅಷ್ಟೇ. ಆ ವರ್ಷದ ನಂತರ ಅದು ನಿಂತುಹೋಯಿತು. ಮತ್ತೆ ಆ ಮಟ್ಟದ ಮಹಿಳಾ ಪಂದ್ಯ ಭಾರತಕ್ಕೆ ಬಂದದ್ದು 2022ರಲ್ಲಿ, ಚೆನ್ನೈಗೆ. ಹದಿನಾಲ್ಕು ವರ್ಷ! ರಾಮನ ವನವಾಸದಷ್ಟು.

ಆ ಹದಿನಾಲ್ಕು ವರ್ಷದಲ್ಲಿ ಎಷ್ಟು ಹುಡುಗಿಯರು ಹದಿನಾರು ದಾಟಿದರು, ಇಪ್ಪತ್ತು ದಾಟಿದರು! ಸಣ್ಣ ಪಂದ್ಯಗಳು ನಮ್ಮಲ್ಲಿ ನಡೆಯುತ್ತಿದ್ದವು, ಇಲ್ಲವೆನ್ನುವುದಿಲ್ಲ. ಆದರೆ ಅವುಗಳಲ್ಲಿ ಸಿಗುವ ಪಾಯಿಂಟು ಕಡಿಮೆ. ಮೇಲೇರಬೇಕಾದರೆ ಪರದೇಶಕ್ಕೆ ಹೋಗಬೇಕು. ವೀಸಾ, ವಿಮಾನ, ಹೋಟೆಲು, ಊಟ. ಹುಡುಗಿಯೊಬ್ಬಳನ್ನೇ ಕಳಿಸಲಾಗುತ್ತದೆಯೇ? ಅಪ್ಪನೋ ಅಮ್ಮನೋ ಜೊತೆಗೆ, ಅಂದರೆ ಟಿಕೆಟು ಎರಡು. ಮೊದಲ ಸುತ್ತಿನಲ್ಲೇ ಸೋತರೆ ಮಂಗಳವಾರಕ್ಕೆ ಮುಗಿಯಿತು ಕಥೆ, ಖರ್ಚು ಮಾತ್ರ ವಾರದ್ದು. ಸಾನಿಯಾ ಹೈದರಾಬಾದಿನಲ್ಲಿ ಎರಡು ಸಲ ಸೋತಾಗ ಮನೆಗೆ ಹೋಗಿ ಅಮ್ಮನ ಕೈಯೂಟ ಮಾಡಿ ಮಲಗಬಹುದಿತ್ತು. ಈ ವ್ಯತ್ಯಾಸ ಗಂಡಸರು ಬರೆಯುವ ಕ್ರೀಡಾಪುಟದಲ್ಲಿ ಬರುವುದಿಲ್ಲ, ತಾಯಂದಿರಾದ ನಮಗೆ ಗೊತ್ತಾಗುತ್ತದೆ. ಸಾನಿಯಾ ನಂತರ ಸಿಂಗಲ್ಸ್‌ನಲ್ಲಿ ಮೊದಲ ನೂರರೊಳಗೆ 2025ರ ತನಕ ನಮ್ಮ ಹುಡುಗಿಯರು ಯಾರೂ ಬರಲಿಲ್ಲ. ಪಂದ್ಯ ನಿಂತದ್ದೊಂದೇ ಇದಕ್ಕೆ ಕಾರಣ ಅನ್ನುವಷ್ಟು ತಿಳಿದವಳಲ್ಲ ನಾನು. ಕಾರಣಗಳಲ್ಲಿ ಅದೂ ಒಂದು ಅನ್ನುವುದರಲ್ಲಿ ಮಾತ್ರ ಅನುಮಾನವಿಲ್ಲ.

ಗಂಡಸರ ಪಂದ್ಯದ ಕಥೆಯೂ ಹೆಚ್ಚುಕಮ್ಮಿ ಹೀಗೇ. 1997ರಿಂದ 2017ರ ತನಕ ಚೆನ್ನೈಯಲ್ಲಿತ್ತು. 2009ರಲ್ಲಿ ನಮ್ಮ ಸೋಮದೇವ್ ದೇವವರ್ಮನ್ ವೈಲ್ಡ್ ಕಾರ್ಡ್ ಹಿಡಿದು ಬಂದು ಫೈನಲ್‌ವರೆಗೂ ಹೋದ. ಆಮೇಲೆ ಪುಣೆಗೆ ಹೋಯಿತು, 2023ಕ್ಕೆ ಅಲ್ಲೂ ಮುಗಿಯಿತು.

ಹಾಗಾದರೆ ದೊಡ್ಡ ಪಂದ್ಯವೊಂದಿದ್ದರೆ ಸಾಕೇ? ಸಾಲದು. ಇದಕ್ಕೆ ಇಟಲಿಯನ್ನು ನೋಡಬೇಕು. ರೋಮ್ ನಗರದಲ್ಲಿ ವರ್ಷ ವರ್ಷ ಭಾರೀ ಪಂದ್ಯಾವಳಿ ನಡೆಯುತ್ತದೆ, ನಮ್ಮ ಅಜ್ಜಿಯರ ಕಾಲದಿಂದಲೂ. ಆದರೂ 1976ರಲ್ಲಿ ಪನಾಟ್ಟಾ ಪ್ಯಾರಿಸ್ಸಿನಲ್ಲಿ ಗೆದ್ದ ಮೇಲೆ ಇಟಲಿಯ ಗಂಡಸರಿಗೆ ಸಿಂಗಲ್ಸ್ ಗ್ರ್ಯಾಂಡ್ ಸ್ಲ್ಯಾಮ್ ಸಿಕ್ಕಿದ್ದು 2024ರಲ್ಲಿ. ಗೆದ್ದವನು ಯಾನಿಕ್ ಸಿನ್ನರ್. ಈ ಹುಡುಗನ ಅಪ್ಪ ಬೆಟ್ಟದ ಮೇಲಿನ ಹೋಟೆಲಿನಲ್ಲಿ ಅಡುಗೆಯವರು, ಅಮ್ಮ ಅಲ್ಲೇ ಬಡಿಸುವ ಕೆಲಸದವರು! ಓದಿದಾಗ ನನಗೆಷ್ಟು ಖುಷಿಯಾಯಿತೆಂದರೆ, ನಮ್ಮವರಿಗೆ ಎರಡೆರಡು ಸಲ ಹೇಳಿದೆ. ಇವನಿಗೆ ಬಾಗಿಲು ತೆರೆದದ್ದು ರೋಮ್ ಅಲ್ಲ, ಬೆರ್ಗಮೊ ಎಂಬ ಊರಿನ ಚಿಕ್ಕ ಪಂದ್ಯ. 2019ರಲ್ಲಿ ಹದಿನೇಳರ ಹುಡುಗ ವೈಲ್ಡ್ ಕಾರ್ಡಿನಲ್ಲಿ ಒಳಬಂದು ಗೆದ್ದೇ ಬಿಟ್ಟ. ಅದೇ ವರ್ಷ ಮಿಲಾನಿನಲ್ಲಿ ಎಳೆಯರ ಪಂದ್ಯಕ್ಕೂ ವೈಲ್ಡ್ ಕಾರ್ಡ್, ಅದನ್ನೂ ಗೆದ್ದ. ಆ ದೇಶದವರು ಜಾಣರು. ದೊಡ್ಡದನ್ನು ಉಳಿಸಿಕೊಂಡು ಊರೂರಿಗೆ ಚಿಕ್ಕಪುಟ್ಟ ಪಂದ್ಯಗಳನ್ನು ಹಂಚಿದರು. ಜಾತ್ರೆ ಇರಬೇಕು, ಆದರೆ ವಾರದ ಸಂತೆ ಇಲ್ಲದೆ ಊರು ನಡೆಯುವುದಿಲ್ಲವಲ್ಲ.

ನಮ್ಮಲ್ಲೂ ಅಂಥ ಸಂತೆಗಳು ಅಲ್ಲೊಂದು ಇಲ್ಲೊಂದು ಕೂಡುತ್ತಿವೆ. ಬೆಂಗಳೂರಿನ ಗಂಡಸರ ಚಾಲೆಂಜರ್ ಪಂದ್ಯವನ್ನು 2017ರಲ್ಲಿ ಸುಮಿತ್ ನಾಗಲ್, 2018ರಲ್ಲಿ ಪ್ರಜ್ಞೇಶ್ ಗುಣೇಶ್ವರನ್ ಗೆದ್ದರು. 2023ರಲ್ಲಿ ಮೈಸೂರು, ಧಾರವಾಡ, ಕಲಬುರಗಿಗಳಲ್ಲೂ ಅಂತರರಾಷ್ಟ್ರೀಯ ಫೆಡರೇಶನ್ನಿನ ಪಂದ್ಯಗಳಾದವು. ಧಾರವಾಡದ, ಕಲಬುರಗಿಯ ಹುಡುಗರು ಸೈಕಲ್ಲು ನಿಲ್ಲಿಸಿ ಪರದೇಶದ ಆಟಗಾರರನ್ನು ಹತ್ತು ಮಾರು ದೂರದಿಂದ ನೋಡುವಂತಾಯಿತು. ಟೀವಿಯಲ್ಲಿ ನೋಡುವುದು ಬೇರೆ, ಚೆಂಡಿನ ಸದ್ದನ್ನು ಕಿವಿಯಿಂದ ಕೇಳುವುದೇ ಬೇರೆ.

ಹೆಂಗಸರ ಕಡೆಯ ಒಳ್ಳೆಯ ಸುದ್ದಿ ಮುಂಬಯಿಯಿಂದ ಬಂತು. ಅಲ್ಲಿ ಒಂದು ಮೆಟ್ಟಿಲು ಕೆಳಗಿನ ಮಹಿಳಾ ಪಂದ್ಯಾವಳಿಯಿದೆ. 2017ರಲ್ಲಿ ಅದನ್ನು ಗೆದ್ದ ಬೆಲಾರುಸ್‌ನ ಹುಡುಗಿ ಅರೀನಾ ಸಬಲೆಂಕಾ, ಮುಂದೆ ಜಗತ್ತಿನ ಮೊದಲ ಸ್ಥಾನಕ್ಕೇರಿದವಳು. 2025ರ ಫೆಬ್ರವರಿಯಲ್ಲಿ ಅಲ್ಲಿಯೇ ಕೊಯಮತ್ತೂರಿನ ಮಾಯಾ ರಾಜೇಶ್ವರನ್ ಎಂಬ ಹದಿನೈದರ ಮಗುವಿಗೆ ಅರ್ಹತಾ ಸುತ್ತಿಗೆ ವೈಲ್ಡ್ ಕಾರ್ಡ್ ಸಿಕ್ಕಿತು. ಒಂದೊಂದೇ ಪಂದ್ಯ ಗೆಲ್ಲುತ್ತಾ ಸೆಮಿಫೈನಲ್ ತಲುಪಿದಳು! ಸ್ವಿಟ್ಜರ್ಲೆಂಡಿನ ಜಿಲ್ ಟೈಕ್‌ಮನ್ ಕೈಯಲ್ಲಿ ಸೋತಳು, ಆಕೆಯೇ ಪ್ರಶಸ್ತಿಯನ್ನೂ ಗೆದ್ದಳು. ಹೈದರಾಬಾದಿನ ಫೈನಲ್ ಆಗಿ ಸರಿಯಾಗಿ ಇಪ್ಪತ್ತು ವರ್ಷ, ಅದೇ ಫೆಬ್ರವರಿ. ಪತ್ರಿಕೆಯ ಆ ಪುಟವನ್ನು ಕತ್ತರಿಸಿ ಪಕ್ಕದ ಮನೆಗೆ ಕೊಟ್ಟಿದ್ದೆ. ಹುಡುಗಿ ಅದನ್ನು ಜಾಮಿಟ್ರಿ ಬಾಕ್ಸಿನಲ್ಲಿಟ್ಟುಕೊಂಡಿದ್ದಾಳೆ.

ಆಮೇಲೆ 2025ರ ನವೆಂಬರಿನಲ್ಲಿ ಬಿಲ್ಲಿ ಜೀನ್ ಕಿಂಗ್ ಕಪ್ಪಿನ ಪ್ಲೇ-ಆಫ್ ಬೆಂಗಳೂರಿಗೆ ಬಂತು. ಹೆಂಗಸರ ದೇಶ ದೇಶಗಳ ನಡುವಿನ ಪಂದ್ಯ. ಭಾರತ, ಸ್ಲೊವೇನಿಯಾ, ನೆದರ್ಲೆಂಡ್ಸ್ ತಂಡಗಳು. ಪಕ್ಕದ ಮನೆಯಾಕೆಯನ್ನು ಒಪ್ಪಿಸಿ ಹುಡುಗಿಯನ್ನು ನಾನೇ ಬೆಳಗಿನ ಬಸ್ಸಿಗೆ ಹತ್ತಿಸಿಕೊಂಡು ಹೊರಟೆ. ಡಬ್ಬಿಯಲ್ಲಿ ಪುಳಿಯೋಗರೆ, ಜೊತೆಗೆ ಕೋಡುಬಳೆ. ಕಬ್ಬನ್ ಪಾರ್ಕಿನ ಎಸ್.ಎಂ. ಕೃಷ್ಣ ಅವರ ಹೆಸರಿನ ಸ್ಟೇಡಿಯಂ. ನಮ್ಮ ತಂಡಕ್ಕೆ ಮುಂದಿನ ಸುತ್ತು ದಕ್ಕಲಿಲ್ಲ, ನನಗೆ ಮನಸ್ಸು ಕುಗ್ಗಿತ್ತು. ಹುಡುಗಿಯ ಕಣ್ಣು ಮಾತ್ರ ಬೇರೆಲ್ಲೋ ಇತ್ತು. "ಆಂಟಿ, ಚೆಂಡು ಹೆಕ್ಕಿಕೊಡ್ತಿರೋ ಹುಡುಗಿ ನೋಡಿ, ನನ್ನಷ್ಟೇ ಇದಾಳೆ. ಅವಳು ಎಷ್ಟು ಹತ್ತಿರ ನಿಂತಿದಾಳೆ!" ಬಸ್ಸಿನಲ್ಲಿ ವಾಪಸು ಬರುವಾಗ ಗೆಲುವು ಸೋಲಿನ ಮಾತೇ ಇಲ್ಲ. ಆ ಚೆಂಡು ಹೆಕ್ಕುವ ಕೆಲಸಕ್ಕೆ ಯಾರನ್ನು ಕೇಳಬೇಕು ಅನ್ನುವುದೇ ಪ್ರಶ್ನೆ.

ನಮ್ಮೂರಿನಲ್ಲಿ ಒಂದು ಟೆನಿಸ್ ಅಂಗಳವಿದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಕ್ಲಬ್ಬೊಂದರ ಹಿತ್ತಲಲ್ಲಿ. ನೆಟ್ಟು ಹರಿದಿದೆ, ಒಂದು ಮೂಲೆಯಲ್ಲಿ ಮುರಿದ ಕುರ್ಚಿ ಪೇರಿಸಿದ್ದಾರೆ. ಮೆಂಬರುಗಳು ಸಂಜೆ ಬಂದು ಒಳಗೆ ಇಸ್ಪೀಟಾಡುತ್ತಾರೆ. ಬೆಂಗಳೂರಿನಿಂದ ಬಂದ ಮೇಲೆ ನಾವು ಐದು ಜನ ಹೆಂಗಸರು ಸೇರಿ ಒಂದು ಅರ್ಜಿ ಬರೆದು ಕಾರ್ಯದರ್ಶಿಗಳ ಹತ್ತಿರ ಹೋದೆವು. "ಮೆಂಬರಲ್ಲದವರಿಗೆ ಕೊಡೋಕಾಗಲ್ಲಮ್ಮ" ಅಂದರು. "ನೀವು ಆಡಿ, ನಾವು ಕೇಳೋದೇ ಇಲ್ಲ. ಆಡದ ಹೊತ್ತಲ್ಲಿ ಮಕ್ಕಳಿಗೆ ಕೊಡಿ" ಅಂದೆವು. ಎರಡು ಸಲ ನಾಳೆ ಬನ್ನಿ ಆಯಿತು. ಮೂರನೇ ಸಲ ಕಾರ್ಯದರ್ಶಿಗಳ ಹೆಂಡತಿಯನ್ನೇ ಜೊತೆಗೆ ಕರಕೊಂಡು ಹೋದೆವು (ಇದು ನಮ್ಮತ್ತೆ ಕೊಟ್ಟ ಉಪಾಯ). ಬೆಳಿಗ್ಗೆ ಆರರಿಂದ ಏಳೂವರೆ ತನಕ ಹುಡುಗಿಯರಿಗೆ ಅಂತ ಒಪ್ಪಿದರು. ನೆಟ್ಟು ನಾವೇ ಹಾಕಿಸಿಕೊಳ್ಳಬೇಕಂತೆ.

ನಿಮ್ಮೂರಲ್ಲೂ ಶಾಲೆಯ ಹಿಂದೆಯೋ ಕ್ಲಬ್ಬಿನಲ್ಲೋ ಇಂಥ ಪಾಳುಬಿದ್ದ ಅಂಗಳವಿದ್ದೀತು, ಒಮ್ಮೆ ವಿಚಾರಿಸಿ. ಇನ್ನೊಂದು ಮಾತು. ಚಿಕ್ಕ ಮಕ್ಕಳಿಗೆ ದೊಡ್ಡವರ ರಾಕೆಟ್ಟು ಕೊಡಬೇಡಿ, ಭಾರಕ್ಕೆ ಮೊಣಕೈ ನೋವು ಬರಬಹುದು. ಅವರ ಎತ್ತರಕ್ಕೆ ತಕ್ಕ ಚಿಕ್ಕ ರಾಕೆಟ್ಟು, ಮೆತ್ತನೆಯ ಚೆಂಡು ಬೇರೆಯೇ ಸಿಗುತ್ತದೆ. ಅಖಿಲ ಭಾರತ ಟೆನಿಸ್ ಸಂಸ್ಥೆಯವರು 12, 14, 16, 18 ವರ್ಷದೊಳಗಿನ ಮಕ್ಕಳಿಗೆ ಬೇರೆ ಬೇರೆ ಪಂದ್ಯಗಳನ್ನಿಟ್ಟಿದ್ದಾರೆ. ಹೆಸರು ನೋಂದಾಯಿಸುವ ಬಗೆಯನ್ನು ಬೆಂಗಳೂರಿನ ರಾಜ್ಯ ಲಾನ್ ಟೆನಿಸ್ ಸಂಸ್ಥೆಯಲ್ಲಿ ಕೇಳಬಹುದು.

ಪಕ್ಕದ ಮನೆಯಾಕೆ ಈಗ ಬೆಳಿಗ್ಗೆ ಐದಕ್ಕೇ ಎದ್ದು ಮಗಳಿಗೆ ರಾಗಿಗಂಜಿ ಕಾಯಿಸಿ ಕೊಡುತ್ತಾರೆ. ಮೊನ್ನೆ ಮತ್ತೆ ಬಂದು ಕೂತರು, ಪ್ರಶ್ನೆ ಮಾತ್ರ ಬದಲಾಗಿತ್ತು. "ಮುಂದಿನ ವರ್ಷವೂ ಬೆಂಗಳೂರಲ್ಲಿ ಪಂದ್ಯ ಮಾಡ್ತಾರೇನ್ರೀ?" ನನ್ನ ಹತ್ತಿರ ಇದಕ್ಕೂ ಉತ್ತರವಿರಲಿಲ್ಲ. ನೆಟ್ಟಿಗೆ ಇನ್ನೂ ಆರುನೂರು ರೂಪಾಯಿ ಕೂಡಬೇಕು, ಸಂಕ್ರಾಂತಿಗೆ ಎಲ್ಲರೂ ಸೇರಿ ಎಳ್ಳುಬೆಲ್ಲದ ಪೊಟ್ಟಣ ಕಟ್ಟಿ ಮಾರುವುದೆಂದು ಮಾತಾಗಿದೆ.